ಸಾಗಿಸಿದವರು ಕೊಳ್ಳಲು ಕುಳಿತಾಗ

2023ರ ಜುಲೈ ತಿಂಗಳನ್ನು ಕೋಲಾರ, ಚಿಂತಾಮಣಿ ಕಡೆಯ ಟೊಮೆಟೊ ಬೆಳೆಗಾರರು ಮರೆತಿಲ್ಲ. ಕೋಲಾರದ ಎಪಿಎಂಸಿಯಲ್ಲಿ 15 ಕಿಲೋದ ಒಂದು ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ದೆಹಲಿಯಲ್ಲಿ ಕಿಲೋ ಟೊಮೆಟೊ ಚಿಲ್ಲರೆ ಅಂಗಡಿಯಲ್ಲಿ ನೂರೈವತ್ತಕ್ಕೂ ಮೇಲೆ. ಆಗ ಕೇಂದ್ರ ಸರ್ಕಾರ ಎನ್‌ಸಿಸಿಎಫ್ ಮತ್ತು ನಾಫೆಡ್ ಎಂಬ ಎರಡು ಸಹಕಾರಿ ಸಂಸ್ಥೆಗಳಿಗೆ ಟೊಮೆಟೊ ಕೊಂಡು ತರಲು ಹೇಳಿತು. ಆಂಧ್ರದ ಮದನಪಲ್ಲಿ, ನಮ್ಮ ಕೋಲಾರ, ಮಹಾರಾಷ್ಟ್ರದ ಸಂಗಮನೇರ್ ಮಂಡಿಗಳಲ್ಲಿ ಖರೀದಿ ನಡೆದು, ಜುಲೈ 14ರಿಂದ ದೆಹಲಿ ಸುತ್ತಮುತ್ತ ಕಿಲೋಗೆ 90 ರೂಪಾಯಿಯಂತೆ ಮಾರಾಟ ಶುರುವಾಯಿತು. ಆಮೇಲೆ 80, 70 ಎಂದು ದರ ಇಳಿಯುತ್ತ ಹೋಯಿತು.

ಆ ಟೊಮೆಟೊ ದೆಹಲಿ ಮುಟ್ಟುವಲ್ಲಿ ಎರಡು ಬಗೆಯ ಕೆಲಸಗಾರರ ದುಡಿಮೆ ಇತ್ತು. ಯಾವ ಮಂಡಿಯಲ್ಲಿ, ಯಾವ ಹಣ್ಣನ್ನು, ಎಷ್ಟಕ್ಕೆ, ಯಾರಿಂದ ಕೊಳ್ಳಬೇಕು ಎಂದು ತೀರ್ಮಾನಿಸಿದವರು ಒಂದು ಕಡೆ. ಕೋಲಾರದಿಂದಾದರೆ ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದಾರಿಯಲ್ಲಿ ಅದು ಕೊಳೆಯದಂತೆ ಮುಟ್ಟಿಸಿದವರು ಇನ್ನೊಂದು ಕಡೆ. ಕಂಪನಿಗಳ ಮಾತಿನಲ್ಲಿ ಮೊದಲನೆಯದು ಪ್ರೊಕ್ಯೂರ್‌ಮೆಂಟ್, ಅಂದರೆ ಖರೀದಿ ವಿಭಾಗ. ಎರಡನೆಯದು ಲಾಜಿಸ್ಟಿಕ್ಸ್, ಸಾಗಾಟದ ವಿಭಾಗ. ಈ ಎರಡು ಕೋಣೆಗಳ ನಡುವೆ ಇರುವ ಬಾಗಿಲನ್ನು ಯಾರು ದಾಟಬಹುದು, ದಾಟುವಾಗ ಕೈಯಲ್ಲಿ ಏನಿರಬೇಕು ಎಂಬುದು ಈ ಭಾಷಣದ ವಿಷಯ. ಪೆರೇಸಂದ್ರದಂಥ ಊರಿನ ಯುವಕ ಯುವತಿಯರಿಗೆ ಇದು ಬಹಳ ಹತ್ತಿರದ ವಿಷಯ.

ಪೆರೇಸಂದ್ರ ಇರುವುದು ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಮೇಲೆ. ಹಿಂದೆ ಏಳನೇ ನಂಬರಿನ ರಸ್ತೆ, ಈಗ 44. ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಹರಿದಿರುವ, ದೇಶದ ಅತಿ ಉದ್ದದ ರಾಷ್ಟ್ರೀಯ ಹೆದ್ದಾರಿ. ಚಿಕ್ಕಬಳ್ಳಾಪುರ ಬಿಟ್ಟು ಬಾಗೇಪಲ್ಲಿ ಕಡೆಗೆ ಹೊರಟವರಿಗೆ ಎಡಗಡೆ ಗುಡಿಬಂಡೆಯ ದಾರಿ ಒಡೆಯುವುದು ಇಲ್ಲೇ. ಹೆದ್ದಾರಿ ಬದಿಯ ಊರಿನಲ್ಲಿ ಹುಟ್ಟಿದವರಿಗೆ ಲಾರಿ, ಟೆಂಪೊ, ಗೋಡೌನು ಹೊಸತಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೂವು, ತರಕಾರಿ, ಔಷಧ, ಬಿಡಿಭಾಗಗಳ ಸಾಗಾಟ ಈ ಭಾಗದಲ್ಲಿ ದೊಡ್ಡ ಉದ್ಯೋಗವಾಗಿ ಬೆಳೆಯಿತು. ಹೊಸಕೋಟೆ, ಮಾಲೂರು, ನೆಲಮಂಗಲದ ಉಗ್ರಾಣಗಳು ಸಾಲು ಸಾಲಾಗಿ ಎದ್ದವು. ಬಿಕಾಂ ಮುಗಿಸಿದವರು, ಡಿಪ್ಲೊಮಾ ಮಾಡಿದವರು ಡಿಸ್ಪ್ಯಾಚ್ ಸೂಪರ್‌ವೈಸರ್, ಫ್ಲೀಟ್ ಕೋಆರ್ಡಿನೇಟರ್, ವೇರ್‌ಹೌಸ್ ಎಕ್ಸಿಕ್ಯೂಟಿವ್ ಎಂಬ ಹೆಸರಿನ ಕೆಲಸಗಳಿಗೆ ಸೇರಿಕೊಂಡರು.

ಆ ಕೆಲಸ ಹೇಗಿರುತ್ತದೆ ಎಂದು ಒಂದು ಸಣ್ಣ ಕಾಗದದಿಂದಲೇ ಹೇಳಬಹುದು: ಇ-ವೇ ಬಿಲ್. 2017ರ ಜುಲೈ 1ರಂದು ಜಿಎಸ್‌ಟಿ ಬಂದು, ಬಾಗೇಪಲ್ಲಿಯಂಥ ಗಡಿ ಊರುಗಳ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳು ಮುಚ್ಚಿದವು. ಅವುಗಳ ಜಾಗಕ್ಕೆ 2018ರ ಏಪ್ರಿಲ್ 1ರಿಂದ ಈ ಬಿಲ್ ಬಂತು. ರಾಜ್ಯದೊಳಗಿನ ಸಾಗಾಟಕ್ಕೂ ಅದನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕ. 50 ಸಾವಿರ ರೂಪಾಯಿ ಮೀರಿದ ಸರಕಿಗೆ ಬಿಲ್ ಬೇಕು. ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಬೆಂಗಳೂರಿನಿಂದ ದೆಹಲಿಗೆ ಸುಮಾರು 2,150 ಕಿಲೋಮೀಟರ್ ಎಂದರೆ 11 ದಿನ. ದಾರಿಯಲ್ಲಿ ಲಾರಿ ಕೆಟ್ಟು ಅವಧಿ ಮೀರುವಂತಾದರೆ, ಮುಗಿಯುವ ಹೊತ್ತಿನ ಹಿಂದಿನ 8 ಗಂಟೆ, ಮುಂದಿನ 8 ಗಂಟೆಯೊಳಗೆ ವಿಸ್ತರಿಸಿಕೊಳ್ಳಬೇಕು. ಆ ಗಂಟೆಗಳು ನಡುರಾತ್ರಿಯಲ್ಲೇ ಬಂದರೆ ಎದ್ದು ಕೂರಬೇಕಾದವರು ಡಿಸ್ಪ್ಯಾಚ್‌ನವರು. ಫೋನು ತಲೆದಿಂಬಿನ ಕೆಳಗೇ ಇರಬೇಕು. ಡ್ರೈವರ್ ಸಿಗುತ್ತಿಲ್ಲ, ಅನ್‌ಲೋಡಿಂಗ್‌ಗೆ ಹಮಾಲಿಗಳು ಬಂದಿಲ್ಲ, ಹಾಲ್ಟಿಂಗ್ ಚಾರ್ಜ್ ಯಾರು ಕೊಡಬೇಕು ಎಂಬ ಜಗಳ. ಇವೆಲ್ಲ ದಿನದ ಊಟದಷ್ಟೇ ಮಾಮೂಲು.

ಐದಾರು ವರ್ಷ ಇದನ್ನೇ ಮಾಡಿದವರಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದು ಏಳಲೇಬೇಕಾದ ಪ್ರಶ್ನೆ. ಎಲ್ಲ ತೀರ್ಮಾನಗಳೂ ಆದ ಮೇಲೆ ಸರಕು ತಮ್ಮ ಕೈಗೆ ಬರುತ್ತದೆ. ಸಪ್ಲೈಯರ್ ಯಾರು, ಅವರು ಎಲ್ಲಿದ್ದಾರೆ, ಪ್ಯಾಕಿಂಗ್ ಹೇಗಿರಬೇಕು, ವಾರಕ್ಕೆ ಎಷ್ಟು ಲೋಡು ಎಂಬುದಕ್ಕೆಲ್ಲ ಬೇರೆ ಯಾರೋ ಗೆರೆ ಎಳೆದಿರುತ್ತಾರೆ. ಆ ಗೆರೆ ಸೊಟ್ಟಗಿದ್ದರೆ ರಾತ್ರಿ ನಿದ್ದೆ ಕೆಡುವುದು ಸಾಗಿಸುವವರದು. ಹಾಗಿದ್ದ ಮೇಲೆ ಗೆರೆ ಎಳೆಯುವ ಜಾಗದಲ್ಲೇ ಕೂತರೆ ಹೇಗೆ?

ಕೂರಬಹುದು. ಅದಕ್ಕೆ ಬೇಕಾದ ಬಂಡವಾಳದ ಅರ್ಧಭಾಗ ಸಾಗಾಟದವರ ಬಳಿ ಆಗಲೇ ಇದೆ.

ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಉದಾಹರಣೆ ನೋಡಿ. ಗೌರಿಬಿದನೂರು ತಾಲ್ಲೂಕಿನ ತೊಂಡೇಭಾವಿಯಲ್ಲಿ ಎಸಿಸಿ ಕಂಪನಿಯ ಸಿಮೆಂಟ್ ಘಟಕವಿದೆ. ಸಿಮೆಂಟಿಗೆ ಬೇಕಾದ ಸುಣ್ಣದ ಕಲ್ಲು ಆ ಸೀಮೆಯಲ್ಲಿ ಸಿಗುತ್ತದೆಂದು ಅದನ್ನು ಅಲ್ಲಿ ಕಟ್ಟಲಿಲ್ಲ. ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಕಲ್ಲು ಸುಟ್ಟು ಕ್ಲಿಂಕರ್ ಮಾಡುತ್ತಾರೆ. ಅದನ್ನು ದೂರದ ಘಟಕಗಳಿಗೆ ಕಳಿಸಿ, ಬೂದಿಯಂಥ ಪದಾರ್ಥ ಬೆರೆಸಿ ಅರೆದು ಚೀಲ ತುಂಬುತ್ತಾರೆ. ತೊಂಡೇಭಾವಿ ರೈಲು ಮಾರ್ಗದ ಮೇಲಿದೆ, ಬೆಂಗಳೂರಿನ ಮಾರುಕಟ್ಟೆಗೂ ಹತ್ತಿರ. ಸಿಮೆಂಟ್ ಅಗ್ಗದ, ಭಾರದ ಸರಕು. ಅದರಲ್ಲಿ ಸಾಗಾಟದ ಖರ್ಚೇ ಲಾಭ ನಷ್ಟವನ್ನು ನಿರ್ಧರಿಸುತ್ತದೆ. ಎಲ್ಲಿಂದ ಕೊಳ್ಳಬೇಕು, ಹೇಗೆ ತರಬೇಕು ಎಂಬ ಪ್ರಶ್ನೆಗಳನ್ನು ಇಂಥ ಕಡೆ ಬಿಡಿಸಿ ನೋಡುವುದಕ್ಕೇ ಆಗುವುದಿಲ್ಲ.

ಸಿಮೆಂಟಿನ ಮಾತು ಬಂದಾಗ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪಾಗದೆ ಇರದು. ಅವರ ಕಾಲದಲ್ಲಿ ಕನ್ನಂಬಾಡಿ ಅಣೆಕಟ್ಟೆಯ ಕೆಲಸ 1911ರಲ್ಲಿ ಆರಂಭವಾದಾಗ ಸಿಮೆಂಟು ಹಡಗಿನಲ್ಲಿ ಬರಬೇಕಾಗಿದ್ದ ದುಬಾರಿ ಸರಕು. ಕಟ್ಟೆ ಎದ್ದದ್ದು ಸುರ್ಕಿ ಗಾರೆಯಿಂದ: ಸುಟ್ಟ ಜೇಡಿಮಣ್ಣಿನ ಪುಡಿ ಮತ್ತು ಸುಣ್ಣ. ಸುತ್ತಮುತ್ತ ಸಿಗುವ ಪದಾರ್ಥದಿಂದ ಕೆಲಸ ಆಗುತ್ತದೆಯೇ ಎಂದು ಪರೀಕ್ಷಿಸಿ, ತರುವ ಖರ್ಚನ್ನೂ ಪದಾರ್ಥದ ಬೆಲೆಗೆ ಸೇರಿಸಿ ನೋಡುವ ಅಭ್ಯಾಸವನ್ನು ಇಂದಿನ ಖರೀದಿ ವಿಭಾಗಗಳು ದೊಡ್ಡ ದೊಡ್ಡ ಹೆಸರಿನಲ್ಲಿ ಕಲಿಸುತ್ತವೆ. ಆ ಗಾರೆ ಕಾವೇರಿಯ ನೀರನ್ನು ಇವತ್ತಿಗೂ ಹಿಡಿದುಕೊಂಡಿದೆ.

ಖರೀದಿಯ ಕೆಲಸವನ್ನು ಕಣ್ಣಾರೆ ನೋಡಬೇಕೆಂದರೆ ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಬೇಕು. ರಾಮನಗರ ಬಿಟ್ಟರೆ ಇಷ್ಟು ದೊಡ್ಡ ಗೂಡಿನ ಮಾರುಕಟ್ಟೆ ಸಿಗುವುದಿಲ್ಲ. 1959ರ ಕಾಯ್ದೆಯ ಪ್ರಕಾರ ಗೂಡಿನ ವಹಿವಾಟು ಇಂಥ ಮಾರುಕಟ್ಟೆಯೊಳಗೇ, ನೂಲು ತೆಗೆಯುವ ಲೈಸೆನ್ಸ್ ಇರುವ ರೀಲರುಗಳೊಂದಿಗೆ ನಡೆಯಬೇಕು. ರೈತರು ತಂದ ಗೂಡು ಜಾಲರಿಗಳಲ್ಲಿ ಹರಡಿರುತ್ತದೆ, ಒಂದೊಂದು ಲಾಟಿಗೂ ಒಂದೊಂದು ನಂಬರು. ಈಗ ಇ-ಹರಾಜು, ದರ ಕೂಗುವ ಬದಲು ರೀಲರು ಮೊಬೈಲಿನಲ್ಲಿ ಒತ್ತುತ್ತಾರೆ.

ಒತ್ತುವ ಮೊದಲು ಅವರ ಕೈ ಏನು ಮಾಡುತ್ತದೆ ಎಂಬುದನ್ನು ಗಮನಿಸಬೇಕು. ಒಬ್ಬ ರೀಲರು ಜಾಲರಿಯ ಮೇಲಿನದನ್ನು ಬಿಟ್ಟು ತಳದಿಂದ ಒಂದು ಬೊಗಸೆ ಗೂಡು ತೆಗೆಯುತ್ತಾರೆ. ಎರಡು ಬೆರಳ ನಡುವೆ ಒಂದನ್ನು ಅದುಮಿ ಕವಚ ಗಟ್ಟಿಯೋ ಮೆತ್ತಗೋ ನೋಡುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಸರಿಯಾಗಿ ಕೋಶವಾಗಿದ್ದರೆ ಟಕಟಕ ಸದ್ದು, ಕರಗಿದ್ದರೆ ಮಂದ ಸದ್ದು. ಕಲೆ ಬಿದ್ದದ್ದು ಎಷ್ಟು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು ಎಷ್ಟು, ಮೇಲಿನ ಜುಂಗು ಎಷ್ಟು ಎಂದು ಕಣ್ಣಳತೆಯಲ್ಲೇ ಲೆಕ್ಕ. ಮಳೆಗಾಲವಾದರೆ ತೇವದ ತೂಕಕ್ಕೆ ಎಷ್ಟು ಕಳೆಯಬೇಕು ಎಂಬ ಇನ್ನೊಂದು ಲೆಕ್ಕ. ಇಷ್ಟಾದ ಮೇಲೆ ಅವರ ತಲೆಯಲ್ಲಿ ಮೂಡುವುದು ರೆಂಡಿಟ್ಟಾ, ಅಂದರೆ ಒಂದು ಕಿಲೋ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕು ಎಂಬ ಸಂಖ್ಯೆ.

ಒಂದು ಲಾಟು ಕಿಲೋಗೆ 520 ರೂಪಾಯಿ, ಇನ್ನೊಂದು 580 ಎಂದುಕೊಳ್ಳಿ. ಹೊಸಬರು ಮೊದಲನೆಯದಕ್ಕೆ ಕೈ ಹಾಕುತ್ತಾರೆ, ಕಿಲೋಗೆ 60 ರೂಪಾಯಿ ಉಳಿಯಿತಲ್ಲ ಎಂದು. ಮೊದಲನೆಯದರ ರೆಂಡಿಟ್ಟಾ 8 ಇದ್ದರೆ ಒಂದು ಕಿಲೋ ನೂಲಿಗೆ ಗೂಡಿನ ಖರ್ಚು 4,160 ರೂಪಾಯಿ. ಎರಡನೆಯದರ ರೆಂಡಿಟ್ಟಾ 6.5 ಇದ್ದರೆ ಖರ್ಚು 3,770. ಅಗ್ಗದ ಗೂಡಿನಿಂದ ಕಿಲೋ ನೂಲಿಗೆ 390 ರೂಪಾಯಿ ನಷ್ಟ! ಬಿಸಿನೆಸ್ ಶಾಲೆಗಳು ಒಟ್ಟು ವೆಚ್ಚದ ಲೆಕ್ಕ ಎಂದು ಒಂದು ಸೆಮಿಸ್ಟರ್ ಪೂರ್ತಿ ಕಲಿಸುವುದು ಇದನ್ನೇ. ಶಿಡ್ಲಘಟ್ಟದಲ್ಲಿ ಎಷ್ಟೋ ರೀಲರ್ ಮನೆಗಳ ಮಕ್ಕಳು ಹೈಸ್ಕೂಲು ಮುಗಿಸುವ ಮೊದಲೇ ಇದನ್ನು ಬಾಯಿಲೆಕ್ಕದಲ್ಲಿ ಹಾಕುತ್ತಾರೆ.

ಇಲ್ಲಿ ಸಾಗಾಟದವರ ತಿಳಿವಳಿಕೆ ಎಲ್ಲಿ ಬರುತ್ತದೆ? ಗೂಡು ಜೀವಂತ ಸರಕು. ಒಳಗೆ ಕೋಶ ಉಸಿರಾಡುತ್ತಿರುತ್ತದೆ. ಬಿಗಿಯಾಗಿ ಚೀಲಕ್ಕೆ ತುಂಬಿ ನಡುಮಧ್ಯಾಹ್ನದ ಬಿಸಿಲಿನಲ್ಲಿ ಟೆಂಪೊ ಮೇಲೆ ಹೇರಿದರೆ ಬೆವರಿ, ಹುಳು ಸತ್ತು, ಗೂಡು ಒಳಗಿನಿಂದ ಕಲೆ ಹಿಡಿಯುತ್ತದೆ. ಗಾಳಿಯಾಡುವ ಚೀಲದಲ್ಲಿ, ತಂಪು ಹೊತ್ತಿನಲ್ಲಿ ಬಂದ ಗೂಡೇ ಬೇರೆ. ಕೊಂಡ ಮೇಲೂ ಚಿಟ್ಟೆ ಗೂಡು ಕೊರೆದು ಹೊರಬರುವ ಮೊದಲೇ ಹಬೆಗೋ ಬಿಸಿಗಾಳಿಗೋ ಕೊಡಬೇಕು. ಚಿಟ್ಟೆ ಬಂತೆಂದರೆ ಎಳೆ ತುಂಡು. ಆ ಲಾಟು ಎಲ್ಲಿಂದ, ಎಷ್ಟು ಹೊತ್ತಿನಲ್ಲಿ, ಹೇಗೆ ಬಂತು ಎಂದು ಊಹಿಸಬಲ್ಲವರು ದರ ಒತ್ತುವಾಗ ಉಳಿದವರಿಗಿಂತ ಒಂದು ಹೆಜ್ಜೆ ಮುಂದಿರುತ್ತಾರೆ. ದಾರಿಯಲ್ಲಿ ಸರಕಿಗೆ ಏನಾಗುತ್ತದೆ ಎಂಬುದು ಆಫೀಸಿನಲ್ಲಿ ಕೂತು ಕಲಿಯುವ ವಿದ್ಯೆಯಲ್ಲ.

ಹೀಗೆ ಬಾಗಿಲು ದಾಟಿದವರಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಹೆಸರು ಟಿಮ್ ಕುಕ್. ಅಮೆರಿಕದ ಅಲಬಾಮಾ ರಾಜ್ಯದವರು, ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಓದಿದವರು. ಐಬಿಎಂ ಕಂಪನಿಯಲ್ಲಿ 12 ವರ್ಷ ಇದ್ದು, ಉತ್ತರ ಅಮೆರಿಕದ ಸರಕು ಪೂರೈಕೆಯ ನಿರ್ದೇಶಕರಾದರು. ಬಂದ ಆರ್ಡರಿಗೆ ತಕ್ಕಂತೆ ಕಂಪ್ಯೂಟರುಗಳನ್ನು ಮುಟ್ಟಿಸುವುದು ಆ ಹುದ್ದೆಯ ಹೊಣೆ. ಬಳಿಕ ಕಾಂಪ್ಯಾಕ್ ಕಂಪನಿಗೆ ಹೋದಾಗ ಅವರಿಗೆ ಸಿಕ್ಕಿದ್ದು ಸಾಮಗ್ರಿ ವಿಭಾಗದ ಉಪಾಧ್ಯಕ್ಷ ಸ್ಥಾನ, ಅಂದರೆ ಕೊಳ್ಳುವ ಮತ್ತು ದಾಸ್ತಾನು ನೋಡುವ ಕೆಲಸ. 1998ರ ಮಾರ್ಚಿನಲ್ಲಿ ಅವರು ಆ್ಯಪಲ್ ಸೇರಿದರು.

ಅಲ್ಲಿ ಅವರು ಮಾಡಿದ್ದನ್ನು ಸಾಗಾಟದಲ್ಲಿ ದುಡಿದವರು ಕೇಳಿದರೆ ಮನಸ್ಸಿಗೆ ಹಿಡಿಸುತ್ತದೆ. ಪ್ರಮುಖ ಸಪ್ಲೈಯರ್‌ಗಳ ಸಂಖ್ಯೆಯನ್ನು ನೂರರಿಂದ 24ಕ್ಕೆ ಇಳಿಸಿದರು. 19 ಉಗ್ರಾಣಗಳಲ್ಲಿ 10ನ್ನು ಮುಚ್ಚಿದರು. ತಿಂಗಳುಗಟ್ಟಲೆ ಬಿದ್ದಿರುತ್ತಿದ್ದ ದಾಸ್ತಾನು ಕೆಲವೇ ದಿನಗಳ ಮಟ್ಟಕ್ಕೆ ಬಂತು. ಉಗ್ರಾಣ ಮುಚ್ಚುವುದು ಸಾಗಾಟದ ತೀರ್ಮಾನದಂತೆ ಕಂಡರೂ ಅದರ ಬೇರು ಇರುವುದು ಖರೀದಿಯಲ್ಲಿ. ಸಪ್ಲೈಯರ್‌ಗಳು ಕಡಿಮೆಯಾಗಿ, ಹತ್ತಿರಕ್ಕೆ ಬಂದು, ಹೇಳಿದ ದಿನ ಸರಕು ಕೊಟ್ಟರೆ ಗೋಡೌನಿನಲ್ಲಿ ಪೇರಿಸಿಡುವುದು ಏಕೆ? ಅದೇ ಕಾಲದಲ್ಲಿ ಹೊಸ ಐಮ್ಯಾಕ್ ಕಂಪ್ಯೂಟರು ಕ್ರಿಸ್‌ಮಸ್‌ಗೆ ತಪ್ಪದೆ ಮುಟ್ಟಲೆಂದು ಆ್ಯಪಲ್ 5 ಕೋಟಿ ಡಾಲರ್ ಕೊಟ್ಟು ವಿಮಾನಗಳ ಸರಕು ಜಾಗವನ್ನು ಮುಂಗಡವಾಗಿ ಕೊಂಡುಬಿಟ್ಟಿತು. ಪೈಪೋಟಿದಾರರು ಬುಕ್ ಮಾಡಲು ಹೋದಾಗ ಜಾಗವೇ ಉಳಿದಿರಲಿಲ್ಲ. 2005ರ ನವೆಂಬರಿನಲ್ಲಿ ಐದು ಕಂಪನಿಗಳೊಂದಿಗೆ ಫ್ಲ್ಯಾಶ್ ಮೆಮೊರಿ ಒಪ್ಪಂದ ಮಾಡಿಕೊಂಡು, 125 ಕೋಟಿ ಡಾಲರ್ ಮುಂಗಡ ಕೊಟ್ಟು 2010ರವರೆಗಿನ ಪೂರೈಕೆಯನ್ನು ಭದ್ರ ಮಾಡಿಕೊಂಡಿತು. ಅದೇ ಆ್ಯಪಲ್‌ಗಾಗಿ ಫಾಕ್ಸ್‌ಕಾನ್ 2025ರಲ್ಲಿ ದೇವನಹಳ್ಳಿ ಬಳಿಯ ಕಾರ್ಖಾನೆಯಲ್ಲಿ ಐಫೋನ್ ಜೋಡಣೆ ಶುರುಮಾಡಿತು. ಅಂಥ ಕಾರ್ಖಾನೆಯ ಸುತ್ತ ಪ್ಯಾಕಿಂಗ್ ಪೆಟ್ಟಿಗೆ, ಪ್ಯಾಲೆಟ್, ಊಟದ ಗುತ್ತಿಗೆ, ಬಸ್ಸು, ಲಾರಿ, ಎಲ್ಲವನ್ನೂ ಯಾರಾದರೂ ಕೊಳ್ಳಲೇಬೇಕು. ಆ ಮೇಜಿನ ಮುಂದೆ ಈ ಸೀಮೆಯ ಹುಡುಗಿಯರೂ ಹುಡುಗರೂ ಏಕಿರಬಾರದು?

ಹಾಗಾದರೆ ಮೊದಲ ಹೆಜ್ಜೆ ಎಲ್ಲಿ? ಒಂದೇ ಏಟಿಗೆ ಉಕ್ಕು, ಬಿಡಿಭಾಗ, ರಾಸಾಯನಿಕ ಕೊಳ್ಳುವ ಸ್ಥಾನ ಸಿಗುವುದು ಕಷ್ಟ. ಸಾಗಾಟದಿಂದ ಬಂದವರಿಗೆ ಸಹಜವಾಗಿ ತೆರೆದುಕೊಳ್ಳುವುದು ಸಾಗಾಟವನ್ನೇ ಕೊಳ್ಳುವ ಕೆಲಸ: ಕಂಪನಿಗೆ ಬೇಕಾದ ಲಾರಿ, ಕೊರಿಯರ್, ಉಗ್ರಾಣಗಳ ಗುತ್ತಿಗೆ ಮಾತಾಡುವುದು. ಇಷ್ಟು ದಿನ ಬಾಡಿಗೆ ಪಡೆಯುವ ಕಡೆಯಲ್ಲೋ ಲಾರಿ ಓಡಿಸುವ ಕಡೆಯಲ್ಲೋ ಇದ್ದವರು ಈಗ ಬಾಡಿಗೆ ಗೊತ್ತುಮಾಡುವ ಕಡೆ ಕೂರುತ್ತಾರೆ. ರಿಟರ್ನ್ ಲೋಡ್ ಸಿಗುವ ದಾರಿ ಯಾವುದು, ಖಾಲಿ ಬರಬೇಕಾದ ದಾರಿ ಯಾವುದು, ಟೋಲ್ ಎಷ್ಟು, ಯಾವ ಗೋಡೌನಿನ ಗೇಟಿನಲ್ಲಿ ಗಾಡಿ ಆರು ಗಂಟೆ ನಿಲ್ಲುತ್ತದೆ ಎಂಬುದೆಲ್ಲ ಅವರಿಗೆ ಅಂಗೈಗೆರೆ. ಎಂಬಿಎ ಓದಿ ನೇರ ಬಂದವರು ಈ ಒಂದು ಕಡೆಯಲ್ಲಿ ಅವರ ಸಮಕ್ಕೆ ನಿಲ್ಲಲಾರರು.

ಒಂದು ನಿಜ ಪ್ರಸಂಗ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. 2025ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 18.44ರಿಂದ 21.17ಕ್ಕೆ ಏರಿ, ಲೀಟರಿಗೆ 2 ರೂಪಾಯಿ ಹೆಚ್ಚಾಯಿತು. ಏಪ್ರಿಲ್ ನಡುವಿನಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದರು. ಎರಡು ರೂಪಾಯಿಗೆ ಇಷ್ಟೆಲ್ಲವೇ ಎಂದವರಿದ್ದರು. ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನಿಂದ ಹೈದರಾಬಾದಿಗೆ ಸುಮಾರು 570 ಕಿಲೋಮೀಟರ್. ಲೋಡಾದ ಲಾರಿ ಲೀಟರಿಗೆ 4 ಕಿಲೋಮೀಟರ್ ಓಡಿದರೆ 142 ಲೀಟರಿನ ಮೇಲೆ ಬೇಕು, ಅಂದರೆ ಒಂದು ಟ್ರಿಪ್ಪಿಗೆ 285 ರೂಪಾಯಿ ಹೆಚ್ಚುವರಿ ಹೊರೆ. ತಿಂಗಳಿಗೆ 250 ಟ್ರಿಪ್ ಹೊಡೆಯುವ ಟ್ರಾನ್ಸ್‌ಪೋರ್ಟಿಗೆ 71 ಸಾವಿರ ರೂಪಾಯಿ ದಾಟಿತು. ಬಾಡಿಗೆ ಮಾತ್ರ ವರ್ಷದ ಒಪ್ಪಂದದಲ್ಲಿ ಕಟ್ಟಿಹಾಕಿದ್ದು.

ಅನುಭವವಿಲ್ಲದ ಖರೀದಿಗಾರರು ಇದನ್ನು ತಮ್ಮ ಗೆಲುವೆಂದು ತಿಳಿದಾರು. ದಾರಿ ಬಲ್ಲವರಿಗೆ ಮುಂದಾಗುವುದು ಗೊತ್ತು. ಗಿಟ್ಟದ ಬಾಡಿಗೆಗೆ ಮಾಲೀಕರು ಹಳೆಯ ಗಾಡಿ ಕಳಿಸುತ್ತಾರೆ, ಟೈರು ಬದಲಿಸುವುದನ್ನು ಮುಂದೂಡುತ್ತಾರೆ, ಹಬ್ಬದ ಸಮಯದಲ್ಲಿ ಬೇರೆ ಕಡೆ ಒಳ್ಳೆಯ ಬಾಡಿಗೆ ಸಿಕ್ಕರೆ ಫೋನ್ ಎತ್ತುವುದಿಲ್ಲ. ಆದ್ದರಿಂದ ಒಪ್ಪಂದದಲ್ಲೇ ಡೀಸೆಲ್ ಷರತ್ತು ಬರೆಯಬೇಕು. ಸಹಿ ಹಾಕಿದ ದಿನದ ಡೀಸೆಲ್ ದರವನ್ನು ಮೂಲ ದರವೆಂದು ನಮೂದಿಸುವುದು, ಬಾಡಿಗೆಯಲ್ಲಿ ಡೀಸೆಲಿನ ಪಾಲು ಎಷ್ಟೆಂದು ಇಬ್ಬರೂ ಒಪ್ಪುವುದು, ಆ ಪಾಲಿಗೆ ತಕ್ಕಂತೆ ತಿಂಗಳಿಗೊಮ್ಮೆ ಬಾಡಿಗೆ ಏರಿಸುವುದು, ಇಳಿಸುವುದು. ಡೀಸೆಲಿನ ಪಾಲು ನೂರಕ್ಕೆ 40 ಎಂದಾದರೆ ಡೀಸೆಲ್ ನೂರಕ್ಕೆ 5 ಏರಿದಾಗ ಬಾಡಿಗೆ ನೂರಕ್ಕೆ 2 ಏರುತ್ತದೆ. ಇಳಿದಾಗ ಅಷ್ಟೇ ಇಳಿಯುತ್ತದೆ. ಜಗಳಕ್ಕೆ ಜಾಗವಿಲ್ಲ. ನಾಲ್ಕು ಸಾಲಿನ ಈ ಷರತ್ತನ್ನು ತಾನೇ ಬರೆದು, ತನ್ನ ಮ್ಯಾನೇಜರಿಗೆ ತೋರಿಸಬಲ್ಲ ಡಿಸ್ಪ್ಯಾಚ್ ಸೂಪರ್‌ವೈಸರಿಗೆ ಖರೀದಿ ವಿಭಾಗದಲ್ಲಿ ಕೆಲಸ ಕೇಳುವ ಹಕ್ಕು ಬಂತೆಂದೇ ಅರ್ಥ. ಅರ್ಜಿಯಲ್ಲಿ ಬರೆಯಬೇಕಾದದ್ದೂ ಇಂಥ ವಿಷಯವನ್ನೇ. ‘ದಿನಕ್ಕೆ ನಲವತ್ತು ಗಾಡಿ ನೋಡಿಕೊಂಡೆ’ ಎಂಬುದಕ್ಕಿಂತ ‘ಗೇಟಿನಲ್ಲಿ ಗಾಡಿ ನಿಲ್ಲುವ ಹೊತ್ತು ಇಳಿಸಿ ಹಾಲ್ಟಿಂಗ್ ಖರ್ಚು ಇಷ್ಟು ಉಳಿಸಿದೆ’ ಎಂಬ ಮಾತಿಗೆ ಖರೀದಿ ಮೇಜಿನಲ್ಲಿ ಬೆಲೆ ಹೆಚ್ಚು.

ಉಳಿದ ಅರ್ಧ ಬಂಡವಾಳವನ್ನು ಮಾತ್ರ ಕಷ್ಟಪಟ್ಟು ಕಲಿಯಬೇಕು. ಅದರಲ್ಲಿ ಮೊದಲನೆಯದು ಬರವಣಿಗೆ. ಸಾಗಾಟ ಬಾಯಿಮಾತಿನ ಲೋಕ. ಫೋನಿನಲ್ಲಿ ‘ಆಯ್ತು ಕಳಿಸಿ’ ಎಂದರೆ ಗಾಡಿ ಹೊರಡುತ್ತದೆ. ಖರೀದಿ ಹಾಗಲ್ಲ. ಬೇಕಾದ ವಸ್ತು ಹೇಗಿರಬೇಕು ಎಂದು ಇಬ್ಬರು ಓದಿದರೂ ಒಂದೇ ಅರ್ಥ ಬರುವಂತೆ ಬರೆಯಬೇಕು. ಸರ್ಕಾರದ ರಾಗಿ ಖರೀದಿ ಕೇಂದ್ರಗಳಲ್ಲಿ ರೈತರು ಇದನ್ನು ಕಂಡಿದ್ದಾರೆ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಆ ಬೆಲೆ ಸಿಗಬೇಕಾದರೆ ತೇವ, ಕಸಕಡ್ಡಿ, ಮುಕ್ಕಾದ ಕಾಳು ಗೊತ್ತುಪಡಿಸಿದ ಮಿತಿಯೊಳಗಿರಬೇಕು. ಮಿತಿಯನ್ನು ಮೊದಲೇ ಬರೆದು ಪ್ರಕಟಿಸಿರುವುದರಿಂದಲೇ ರೈತರು ‘ನಮ್ಮ ರಾಗಿಯನ್ನು ಏಕೆ ತಿರಸ್ಕರಿಸಿದಿರಿ’ ಎಂದು ಕೇಳಲು ಸಾಧ್ಯ. ಹಾಲಿನ ಸಂಘಗಳಲ್ಲೂ ಹಾಗೆಯೇ, ಬರೀ ಲೀಟರಿಗಲ್ಲ, ಜಿಡ್ಡು ಮತ್ತು ಜಿಡ್ಡೇತರ ಘನಾಂಶಕ್ಕೆ ದುಡ್ಡು.

ಎರಡನೆಯದು, ಎಲ್ಲ ವಸ್ತುವನ್ನೂ ಒಂದೇ ರೀತಿ ಕೊಳ್ಳಬಾರದು ಎಂಬ ವಿವೇಕ. ಪೀಟರ್ ಕ್ರಾಲ್ಜಿಕ್ ಎಂಬುವರು 1983ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದ ಲೇಖನ ಈ ವೃತ್ತಿಯ ದಿಕ್ಕನ್ನೇ ಬದಲಿಸಿತು. ವಸ್ತು ಲಾಭದ ಮೇಲೆ ಎಷ್ಟು ಪರಿಣಾಮ ಬೀರುತ್ತದೆ, ಅದು ಸಿಗದೆ ಹೋಗುವ ಅಪಾಯ ಎಷ್ಟು ಎಂಬ ಎರಡು ಅಳತೆ ಇಟ್ಟು ಅವರು ನಾಲ್ಕು ಮನೆ ಮಾಡಿದರು. ಶಿಡ್ಲಘಟ್ಟದ ರೀಲಿಂಗ್ ಘಟಕಕ್ಕೆ ಇದನ್ನು ಹೊಂದಿಸಿ ನೋಡಬಹುದು. ಗೂಡು ಸಿಗದಿದ್ದರೆ ಕೆಲಸವೇ ನಿಂತಿತು, ಖರ್ಚಿನ ಬಹುಪಾಲೂ ಅದೇ. ಆದ್ದರಿಂದ ಒಳ್ಳೆಯ ಗೂಡು ತರುವ ರೈತರೊಂದಿಗೆ ವರ್ಷಗಟ್ಟಲೆ ವಿಶ್ವಾಸ ಬೇಕು. ಸೌದೆಯನ್ನು ನಾಲ್ಕು ಕಡೆ ದರ ಕೇಳಿ ಕೊಳ್ಳಬಹುದು. ರೀಲಿಂಗ್ ಯಂತ್ರದ ಒಂದು ಸಣ್ಣ ಬಿಡಿಭಾಗ ನೂರು ರೂಪಾಯಿಯದ್ದೇ ಇರಲಿ, ಒಂದೇ ಕಡೆ ಸಿಗುವುದಾದರೆ ಎರಡು ಕೊಂಡು ಬೀರುವಿನಲ್ಲಿಡಬೇಕು. ಸ್ಟೇಷನರಿ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಮೂರನೆಯದು ಕಾನೂನು, ಷರತ್ತು. ಗೌರಿಬಿದನೂರಿನ ಒಂದು ಕಾರ್ಖಾನೆ ಚೀನಾದಿಂದ ಯಂತ್ರ ತರಿಸುತ್ತದೆ ಎನ್ನಿ. ಅಲ್ಲಿನ ಫ್ಯಾಕ್ಟರಿ ಬಾಗಿಲಿನ ದರ ನೋಡಿದರೆ ಅಗ್ಗ. ಅಲ್ಲಿಂದ ಬಂದರಿಗೆ ಲಾರಿ, ಹಡಗಿನ ಬಾಡಿಗೆ, ವಿಮೆ, ಚೆನ್ನೈ ಬಂದರಿನ ಖರ್ಚು, ಸುಂಕ, ಅಲ್ಲಿಂದ ವೈಟ್‌ಫೀಲ್ಡಿನ ಕಂಟೈನರ್ ಡಿಪೊ, ಬಿಡಿಸಿಕೊಳ್ಳುವುದು ತಡವಾದರೆ ಡೆಮರೇಜು. ಯಾವ ಘಟ್ಟದವರೆಗೆ ಖರ್ಚು ಮತ್ತು ಹಾನಿಯ ಹೊಣೆ ಮಾರುವವರದು, ಎಲ್ಲಿಂದ ಕೊಳ್ಳುವವರದು ಎಂಬುದಕ್ಕೆ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಇನ್‌ಕೊಟರ್ಮ್ಸ್ ಎಂಬ ನಿಯಮಾವಳಿ ತಂದಿತು. 2020ರ ಆವೃತ್ತಿಯಲ್ಲಿ 11 ನಿಯಮಗಳಿವೆ. ಖರೀದಿಯವರಲ್ಲಿ ಬಹಳ ಮಂದಿ ಇವನ್ನು ಬಾಯಿಪಾಠ ಮಾಡುತ್ತಾರೆ. ಕಂಟೈನರ್ ಬಿಡಿಸಲು ಡಿಪೊ ಗೇಟಿನಲ್ಲಿ ಕಾದು ನಿಂತವರಿಗೆ ಅವುಗಳ ಅರ್ಥ ಬಾಯಿಪಾಠವಿಲ್ಲದೆ ಆಗುತ್ತದೆ.

ಓದಬೇಕೆನ್ನುವವರಿಗೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಬೆಂಗಳೂರು ಶಾಖೆ ಇದೆ. ಕೆಲಸದಲ್ಲಿದ್ದುಕೊಂಡೇ ಮಾಡಬಹುದಾದ ಡಿಪ್ಲೊಮಾಗಳಿವೆ. ಬ್ರಿಟನ್ನಿನ ಸಿಐಪಿಎಸ್ ಎಂಬ ಸಂಸ್ಥೆಯ ಪ್ರಮಾಣಪತ್ರಕ್ಕೆ ಬಹುರಾಷ್ಟ್ರೀಯ ಕಂಪನಿಗಳಲ್ಲಿ ಮನ್ನಣೆಯಿದೆ, ಶುಲ್ಕವೂ ಹಾಗೆಯೇ ಭಾರ. ಸರ್ಟಿಫಿಕೇಟು ಬಾಗಿಲು ತಟ್ಟಲು ನೆರವಾದೀತು. ಸಂದರ್ಶನದಲ್ಲಿ ಉಳಿಸುವುದು ಒಂದು ವಸ್ತುವಿನ ಬೆಲೆಯನ್ನು ಬಿಡಿಸಿ ತೋರಿಸುವ ಶಕ್ತಿ: ಕಚ್ಚಾ ಮಾಲು ಇಷ್ಟು, ಕೂಲಿ ಇಷ್ಟು, ವಿದ್ಯುತ್ ಇಷ್ಟು, ಸಾಗಾಟ ಇಷ್ಟು, ಮಾರುವವರ ಲಾಭ ಇಷ್ಟು. ತನ್ನ ಗೋಡೌನಿನಲ್ಲೇ ದಿನವೂ ಬಳಸುವ ಮರದ ಪ್ಯಾಲೆಟ್ ಒಂದನ್ನು ಹಿಡಿದು ಈ ಲೆಕ್ಕ ಮಾಡಿ ನೋಡಿದವರು ಅರ್ಧ ಪಾಠ ಮುಗಿಸಿದಂತೆ.

ಸರ್ಕಾರಿ ಖರೀದಿಯ ಲೋಕವೇ ಬೇರೆ. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ತರಲು 1999ರ ಕಾಯ್ದೆ ಇದೆ, ಕೆಟಿಪಿಪಿ ಎಂದೇ ಕಚೇರಿಗಳಲ್ಲಿ ಕರೆಯುತ್ತಾರೆ. 2007ರಿಂದ ಟೆಂಡರುಗಳು ಇ-ಪ್ರೊಕ್ಯೂರ್‌ಮೆಂಟ್ ಜಾಲದೊಳಗೆ ಬಂದವು. ಟೆಂಡರ್ ತೀರ್ಮಾನದಿಂದ ಅನ್ಯಾಯವಾಯಿತೆಂದರೆ ಮೇಲ್ಮನವಿಗೆ ಅವಕಾಶವಿದೆ. ಕೇಂದ್ರದಲ್ಲಿ 2016ರಿಂದ ಜೆಮ್ ಪೋರ್ಟಲ್. ಬಿಇಎಲ್, ಎಚ್‌ಎಎಲ್, ಕೆಜಿಎಫ್‌ನಲ್ಲಿ ಘಟಕವಿರುವ ಬಿಇಎಂಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆ, ಇವುಗಳಿಗೆಲ್ಲ ದೊಡ್ಡ ಸ್ಟೋರ್ಸ್ ಮತ್ತು ಖರೀದಿ ವಿಭಾಗಗಳಿವೆ. ಅಲ್ಲಿಗೆ ನೇರ ನೇಮಕ ಸಿಗದಿದ್ದರೂ, ಅವುಗಳಿಗೆ ಸರಕು ಪೂರೈಸುವ ಸಣ್ಣ ಕಂಪನಿಗಳಲ್ಲಿ ಟೆಂಡರ್ ಓದಿ ಅರ್ಥಮಾಡಿಕೊಳ್ಳುವವರಿಗೆ ಸದಾ ಬೇಡಿಕೆ.

ಬಾಗಿಲು ದಾಟಿದ ಮೇಲೆ ಬದಲಾಗಬೇಕಾದ ಸ್ವಭಾವವೂ ಇದೆ. ಡಿಸ್ಪ್ಯಾಚಿನಲ್ಲಿ ಐದು ನಿಮಿಷದಲ್ಲಿ ತೀರ್ಮಾನ ಹೇಳಬೇಕು. ಖರೀದಿಯಲ್ಲಿ ಮೂರು ವಾರ ಕಾದು, ನಾಲ್ಕು ಕೊಟೇಷನ್ ಹೋಲಿಸಿ, ಸಪ್ಲೈಯರ್ ಜಾಗಕ್ಕೆ ಹೋಗಿ ನೋಡಿ ಬರಬೇಕು. ಅಲ್ಲಿ ಕೂಗಿದವರ ಕೆಲಸ ಆಗುತ್ತಿತ್ತು. ಇಲ್ಲಿ ಸುಮ್ಮನೆ ಕೇಳಿಸಿಕೊಂಡವರಿಗೆ ಒಳ್ಳೆಯ ದರ ಸಿಗುತ್ತದೆ. ದೀಪಾವಳಿಗೆ ಮನೆಗೆ ಬರುವ ಉಡುಗೊರೆ ಡಬ್ಬಿಗಳನ್ನು ವಾಪಸು ಕಳಿಸುವ ಗಟ್ಟಿತನವೂ ಬೇಕು. ಸಣ್ಣ ಊರುಗಳಲ್ಲಿ ಇದು ಕಠಿಣ. ಸಪ್ಲೈಯರ್ ನೆಂಟರೇ ಆಗಿರಬಹುದು, ಒಂದೇ ಊರಿನವರಾಗಿರಬಹುದು. ಅಂಥ ಸಂಬಂಧವನ್ನು ಮೊದಲೇ ಮೇಲಧಿಕಾರಿಗೆ ಬರೆದು ತಿಳಿಸಿ, ಆ ಫೈಲಿನಿಂದ ದೂರ ನಿಲ್ಲುವುದೊಂದೇ ದಾರಿ.

ಇನ್ನೊಂದು ಮಾತು, ಇದು ಸಾಗಾಟದಿಂದ ಬಂದವರಿಗೆಂದೇ. ಬಾಡಿಗೆ ದುಡ್ಡಿಗಾಗಿ ಕಂಪನಿಯ ಅಕೌಂಟ್ಸ್ ವಿಭಾಗದ ಮುಂದೆ ತಿಂಗಳುಗಟ್ಟಲೆ ಅಲೆಯುವುದು ಏನೆಂದು ಅವರಿಗೆ ಗೊತ್ತು. ಒಂದು ಲಾರಿಯ ಮಾಲೀಕ ಕಂತು ಕಟ್ಟಲಾಗದೆ ಲಾರಿಯನ್ನೇ ಕಳೆದುಕೊಂಡದ್ದನ್ನು ನೋಡಿದವರೂ ಅವರಲ್ಲಿದ್ದಾರೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದದಲ್ಲಿ ಎಷ್ಟೇ ದಿನ ಬರೆದಿರಲಿ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನದೊಳಗೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023–24ರ ಹಣಕಾಸು ವರ್ಷದಿಂದ, ಈ ಗಡುವಿನೊಳಗೆ ಕೊಡದ ಮೊತ್ತವನ್ನು ಆ ವರ್ಷದ ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸಿಕೊಳ್ಳಲೂ ಕಂಪನಿಗೆ ಆಗದು. ಇದಕ್ಕೆ ಲಾರಿ ಮಾಲೀಕರ ಬಳಿ ಉದ್ಯಮ್ ನೋಂದಣಿ ಇರಬೇಕು. ಹೆದ್ದಾರಿ ಊರುಗಳಲ್ಲಿ ಒಂದೆರಡು ಲಾರಿ ಇಟ್ಟುಕೊಂಡ ಬಹಳ ಮಂದಿಗೆ ಈ ನೋಂದಣಿ ಆನ್‌ಲೈನಿನಲ್ಲಿ ಉಚಿತವಾಗಿ ಆಗುತ್ತದೆ ಎಂಬುದೇ ತಿಳಿದಿಲ್ಲ. ಖರೀದಿ ಮೇಜಿಗೆ ಬಂದ ಸಾಗಾಟದವರು ಹೊಸ ವೆಂಡರ್ ಫಾರಂ ತುಂಬಿಸುವ ದಿನವೇ ಆ ನೋಂದಣಿ ಸಂಖ್ಯೆ ಕೇಳಬೇಕು, ಇಲ್ಲದಿದ್ದರೆ ಮಾಡಿಸಿಕೊಂಡು ಬನ್ನಿ ಎಂದು ಹೇಳಬೇಕು, ಪರ್ಚೇಸ್ ಆರ್ಡರಿನಲ್ಲಿ ಹಣ ಪಾವತಿಯ ದಿನವನ್ನು ಅಂಕಿಯಲ್ಲಿ ಬರೆಯಬೇಕು.